ಕಾರಣದ ಕಾಲಂ

ಕರೆಂಟು ಬಿಲ್ಲಿನ ಬೆನ್ನ ಮೇಲೆ ಏಳು ಹೆಸರು.
ಗುಳ್ಳೆಯೇಳುವ ವೈನು ಮಾಡುವವರು ಏಳು ಮಂದಿ,
ನಮಗಿರುವುದು ಒಂದು ಶನಿವಾರ, ಒಂದು ಬಾಡಿಗೆ ಕಾರು,
ಮೂರು ಬಾಗಿಲು ತಟ್ಟುವಷ್ಟು ಹೊತ್ತು.
"ನೀನೇ ಆರಿಸು" ಎಂದಳು ಬೊಳ್ಳಮ್ಮ,
"ಮೂಗಿನಿಂದ ಸಂಬಳ ಎಣಿಸಿದವಳು."

ಹೌದು. ಮೂವತ್ತೊಂದು ವರ್ಷ
ಕೆಂಪು ದೀಪದ ಗೂಡಿನಲ್ಲಿ ಕೂತು
ಬಣ್ಣ ಕಾಣದ ಹಾಗೆ ಲೋಟ ಎತ್ತಿ
ಕಾಫಿಪುಡಿ, ಉಪ್ಪಿನಕಾಯಿ, ಮಕ್ಕಳ ಬಿಸ್ಕತ್ತು
ಮೂಸಿ ಅಂಕ ಕೊಟ್ಟವಳು.
ಮಾವಿನ ರಸದಲ್ಲಿ ತವರದ ಡಬ್ಬಿಯ ನೆರಳು ಹಿಡಿದು
ತುಂಬಿದ ಲಾರಿ ವಾಪಸು ಕಳಿಸಿದವಳು.

ಆ ಮೂಗು ಹೋಗಿ ಎರಡು ವರ್ಷ.
ಒಂದು ಜ್ವರ ಬಂತು; ಹೋಗುವಾಗ
ಬರಿಗೈಲಿ ಹೋಗಲಿಲ್ಲ.
ಯಾರಿಗೂ ಹೇಳಿಲ್ಲ. ಈಗಲೂ ಶಿವರಾಮಪೇಟೆಯ ಅಂಗಡಿಯಲ್ಲಿ
ಪುಡಿಯನ್ನು ಅಂಗೈಗೆ ಹಾಕಿಸಿಕೊಂಡು
"ಇನ್ನೊಂದು ಉಸಿರು ಹುರಿಯಬಹುದಿತ್ತು" ಎನ್ನುತ್ತೇನೆ.
ಅವನು ನಂಬುತ್ತಾನೆ.

ಹೆಸರು, ಊರು, ದೂರ, ದರ, ಕಾರಣ.
ಐದು ಗೆರೆ ಎಳೆದೆ. ಕೊನೆಯದು ಖಾಲಿ.

ಮೊದಲನೆಯವನದು ಹುಲ್ಲುಹಾಸು, ಫೋಟೋಗೆ ಉಯ್ಯಾಲೆ,
ಐದು ಗುಟುಕಿಗೆ ಎಂಟುನೂರು.
ಬೊಳ್ಳಮ್ಮ ಹೊಡೆದು ಹಾಕಿದಳು:
"ಒಳಗೆ ಬಿಡದವನು ಗ್ಯಾಸು ತುಂಬುತ್ತಾನೆ,
ಮಂಡಿಮೊಹಲ್ಲದ ಸೋಡಾದವನಿಗೂ ಇವನಿಗೂ
ಗೋಲಿಯೊಂದೇ ವ್ಯತ್ಯಾಸ."
ಹಿಂದೆಯೇ, ವಿರಾಜಪೇಟೆಯಲ್ಲಿ ಅವಳಜ್ಜಿಯ ನೆಲ್ಲಿಕಾಯಿ ವೈನು
ಬೀರುವಿನೊಳಗೇ ಸಿಡಿದು
ಗೋಡೆಯ ಮೇಲಿನ ಮಾವನ ಪಟ ತೊಯ್ದ ಕತೆ.
ಚೆಲುವಾಜಮ್ಮಣ್ಣಿಗೆ ಒಂದೇ ಷರತ್ತು, ಶುಚಿಯಾದ ಶೌಚಾಲಯ.
ಚಿತ್ರದಲ್ಲಿ ಕಂಡ ಬಾಗಿಲು ನೋಡಿಯೇ ಎರಡು ಹೋದವು.

ಉಳಿದದ್ದು ನಾಲ್ಕು.
ಫೋನು ಹಿಡಿದು ಹಿತ್ತಿಲಿಗೆ ಹೋದೆ,
ಬಟ್ಟೆ ಒಣಗುವ ತಂತಿಯ ಕೆಳಗೆ.
"ಒಂದು ಲೋಟಕ್ಕೆ ಸುರಿದು ಫೋನಿನ ಹತ್ತಿರ ಹಿಡಿಯುತ್ತೀರಾ?"
ಒಬ್ಬ, ತಮಾಷೆಯಾ ಮೇಡಂ, ಎಂದು ಇಟ್ಟ.
ಒಬ್ಬ ಕೊಳಲು ಕೇಳಿಸಿದ, ಏಳು ನಿಮಿಷ.
ಮೂರನೆಯವನು ಸುರಿದ:
ಸುಳ್ಳುಗಾರನ ಹಾಗೆ ಅದು
ಎಲ್ಲವನ್ನೂ ಮೊದಲೇ ಹೇಳಿ ಸುಮ್ಮನಾಯಿತು.

ನಾಲ್ಕನೆಯವನು ಜವರೇಶ,
ಪಾಂಡವಪುರದಾಚೆ ಆಲೆಮನೆ ಮುಚ್ಚಿ ದ್ರಾಕ್ಷಿ ಹಾಕಿದವನು.
ಚಿತ್ರವಿಲ್ಲ, ದರವಿಲ್ಲ, ನಂಬರು ಮಾತ್ರ.
"ಇರಿ, ತಣ್ಣಗಿರೋದು ತತ್ತೀನಿ. ಬೆಚ್ಚಗಿದ್ರೆ ಬಾಯಿಬಡುಕ."
ಚಪ್ಪಲಿ ಸದ್ದು. ಮೆಟ್ಟಿಲು. ಇನ್ನೂ ಮೆಟ್ಟಿಲು.
"ದಿನಾ ಬೆಳಿಗ್ಗೆ ಒಂದೊಂದ್ ಬಾಟ್ಲಿನೂವೆ
ಎಂಟನೇ ಒಂದು ಸುತ್ತು ತಿರುಗುಸ್ಬೇಕು ಮೇಡಂ,
ಗಷ್ಟು ಕತ್ತಿಗೆ ಇಳೀಬೇಕಲ್ಲ.
ಆಲೆಮನೇಲಿ ಮಡ್ಡಿ ಮೇಲಕ್ಕೆ, ಇಲ್ಲಿ ಕೆಳಕ್ಕೆ, ಅಷ್ಟೇಯ."

ಮೊದಲು ಏನೂ ಇಲ್ಲ.
ಆಮೇಲೆ ಮೊರದ ಮೇಲೆ ರಾಗಿ ಜಾರಿದಂತೆ,
ಗಂಜಿ ಹಾಕಿದ ಸೀರೆ ಮಡಿಕೆ ಬಿಟ್ಟಂತೆ,
ಆಮೇಲೂ, ಆಮೇಲೂ,
ನೂರ ನಲವತ್ತು ಎಣಿಸಿದೆ, ಅವನು ಕೈ ಇಳಿಸಲಿಲ್ಲ.
ಬಾಯಲ್ಲಿ ನೀರು ಬಂದಿತ್ತು.
ಎರಡು ವರ್ಷದಲ್ಲಿ ಮೊದಲ ಸಲ.

ಒಳಗೆ ಬಂದು ಕಾರಣದ ಕಾಲಮ್ಮಿನಲ್ಲಿ
ಬರೆದೆ: ಕಿವಿ.

ಬೊಳ್ಳಮ್ಮ ಓದಿದಳು.
ಕಳೆದ ಶ್ರಾವಣದಲ್ಲಿ ಇವಳೇ
ಚಪ್ಪಲಿಗಾಲಲ್ಲೇ ನನ್ನ ಅಡುಗೆಮನೆಗೆ ನುಗ್ಗಿ,
ಹಾಲುಕ್ಕಿ ಆರಿದ ಒಲೆಯ ತಿರುಪು ತಿರುಗಿಸಿ,
ಕಿಟಕಿಗಳನ್ನೆಲ್ಲ ತೆರೆದು ಬಂದು
ಪದಬಂಧದಲ್ಲಿ ಮುಳುಗಿದ್ದ ನನ್ನೆದುರು ಕೂತು
"ಸೆಕೆ" ಎಂದಿದ್ದಳು.
ಶ್ರಾವಣದಲ್ಲಿ, ಸೆಕೆ.

ಈಗಲೂ ಅಷ್ಟೇ. ಆ ಪದದ ಮೇಲೆ ಬೆರಳಿಟ್ಟು
"ಇಲ್ಲಿಗೇ ಮೊದಲು" ಎಂದಳು,
"ತಿಂಡಿ ಆಮೇಲೆ."
ಉಳಿದೆರಡು ಜಾಗ ಹೇಗೋ ತುಂಬಿದವು,
ಒಂದು ಮದ್ದೂರಿನ ದಾರಿಯ ದೆಸೆಯಿಂದ,
ಒಂದು ಊಟದ ದೆಸೆಯಿಂದ.

ಚೆಲುವಾಜಮ್ಮಣ್ಣಿ ಕನ್ನಡಕ ಏರಿಸಿದಳು:
"ಆ ಹುಡುಗನ ಹತ್ತಿರ ಶೌಚಾಲಯದ್ದು ಕೇಳಿದೆಯಾ?"
ಕೇಳಿರಲಿಲ್ಲ.
ಮತ್ತೆ ಹಿತ್ತಿಲಿಗೆ ಹೋದೆ.